ಕೆಫೀನ್ ಹಿಡಿಯುವ ಪಾಲಿಮರ್: ಕಾಲೇಜು ಲ್ಯಾಬ್‌ನಲ್ಲಿ ಮಾಡುವುದು ಹೇಗೆ?

ಹತ್ತಾರು ಬಗೆಯ ಅಣುಗಳು ಬೆರೆತ ದ್ರಾವಣದಿಂದ ಒಂದೇ ಬಗೆಯ ಅಣುವನ್ನು ಆರಿಸಿ ಹಿಡಿದುಕೊಳ್ಳುವ ಪ್ಲಾಸ್ಟಿಕ್ ಪುಡಿ ಇದೆ. ಅದನ್ನು ಮಾಡಲು ದೊಡ್ಡ ಸಂಶೋಧನಾ ಕೇಂದ್ರವೇ ಬೇಕು ಅಂತೇನಿಲ್ಲ. ಮಂಗಳೂರು, ಉಡುಪಿ ಕಡೆಯ ಸಾಧಾರಣ ಎಂಎಸ್ಸಿ ಲ್ಯಾಬ್‌ನಲ್ಲಿ ಫ್ಯೂಮ್ ಹುಡ್ (ವಿಷದ ಆವಿಯನ್ನು ಹೊರಗೆ ಎಳೆಯುವ ಗೂಡು), ವಾಟರ್ ಬಾತ್, ಯುವಿ ಸ್ಪೆಕ್ಟ್ರೋಫೋಟೋಮೀಟರ್ (ದ್ರಾವಣ ಎಷ್ಟು ಅತಿನೇರಳೆ ಬೆಳಕು ಹೀರುತ್ತದೆ ಎಂದು ಅಳೆಯುವ ಉಪಕರಣ), ಜೊತೆಗೆ ಶೇಕರ್, ನಿರ್ವಾತ ಓವನ್‌ನಂಥ ಮಾಮೂಲಿ ಸಾಮಾನು ಇದ್ದರೆ ಸಾಕು. ಪ್ರಾಜೆಕ್ಟ್ ಹುಡುಕುತ್ತಿರುವ ವಿದ್ಯಾರ್ಥಿಗಳಿಗಾಗಿ ಈ ಲೇಖನ ಬರೆದಿದ್ದೇನೆ. ಕೆಲಸ ನಿಮ್ಮ ಮೇಷ್ಟ್ರ ಕಣ್ಣೆದುರೇ ನಡೆಯಬೇಕು. ಮನೆಯಲ್ಲಿ ಮಾಡುವ ಪ್ರಯೋಗ ಇದಲ್ಲ.

ಇದನ್ನು ಅಣು ಅಚ್ಚಿನ ಪಾಲಿಮರ್ ಅನ್ನೋಣ. ಲ್ಯಾಬ್‌ಗಳಲ್ಲಿ ಎಲ್ಲರೂ ಎಂಐಪಿ (ಮಾಲಿಕ್ಯುಲರ್ಲಿ ಇಂಪ್ರಿಂಟೆಡ್ ಪಾಲಿಮರ್) ಎಂದೇ ಕರೆಯುತ್ತಾರೆ. ಇದರ ಹಿಂದಿನ ಯೋಚನೆ ಸರಳ. ಮಂಗಳೂರು ಹಂಚಿನ ಮೇಲೆ ಕಾರ್ಖಾನೆಯ ಹೆಸರು ಒತ್ತುವುದು ಮಣ್ಣು ಹಸಿಯಾಗಿರುವಾಗ. ಸುಟ್ಟ ಮೇಲೆ ಆ ಗುರುತು ಅಳಿಸುವುದಿಲ್ಲ. ಇಲ್ಲಿಯೂ ಹಾಗೆಯೇ. ನಮಗೆ ಬೇಕಾದ ಅಣುವಿನ ಸುತ್ತ, ಅದಕ್ಕೆ ಅಂಟಿಕೊಳ್ಳಬಲ್ಲ ಮೊನೊಮರ್‌ಗಳು (ಒಂದಕ್ಕೊಂದು ಕೂಡಿ ಪಾಲಿಮರ್ ಆಗುವ ಚಿಕ್ಕ ಅಣುಗಳು) ದ್ರಾವಣದಲ್ಲಿ ತಾವಾಗಿಯೇ ಬಂದು ನಿಲ್ಲುತ್ತವೆ. ಅದೇ ಭಂಗಿಯಲ್ಲಿ ಇಡೀ ಮಿಶ್ರಣವನ್ನು ಗಟ್ಟಿ ಮಾಡುತ್ತೇವೆ. ಆಮೇಲೆ ಅಣುವನ್ನು ತೊಳೆದು ತೆಗೆಯುತ್ತೇವೆ. ಅದರ ಆಕಾರದ ಗುಳಿ ಉಳಿಯುತ್ತದೆ. ಗುಳಿಯ ಗೋಡೆಯ ಮೇಲೆ ಹಿಡಿದುಕೊಳ್ಳುವ ಗುಂಪುಗಳೂ ಸರಿಯಾದ ಜಾಗದಲ್ಲೇ ಉಳಿಯುತ್ತವೆ.

1972ರಲ್ಲಿ ಜರ್ಮನಿಯ ಗುಂಟರ್ ವುಲ್ಫ್ ಮತ್ತು ಎ. ಸರ್ಹಾನ್ ಇಂಥ ಪಾಲಿಮರ್ ಮಾಡಿದಾಗ ಅಣುವನ್ನು ಮೊನೊಮರ್‌ಗೆ ರಾಸಾಯನಿಕ ಬಂಧದಿಂದಲೇ ಕಟ್ಟಿದ್ದರು. ಆಮೇಲೆ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಕ್ಲೌಸ್ ಮೋಸ್‌ಬಾಕ್ ತಂಡ, ಹೈಡ್ರೋಜನ್ ಬಂಧದಂಥ ಸಡಿಲ ಹಿಡಿತವೇ ಸಾಕು ಎಂದು ತೋರಿಸಿತು. ನಾವು ಮಾಡುವುದು ಈ ಎರಡನೆಯ ವಿಧಾನ. ಇದರಲ್ಲಿ ಬೆರೆಸುವುದೂ ಸುಲಭ, ತೊಳೆಯುವುದೂ ಸುಲಭ.

ಮೊದಲು ಅಣುವನ್ನು ಆರಿಸಿ

ಪ್ರಾಜೆಕ್ಟ್ ಗೆಲ್ಲುವುದು, ಸೋಲುವುದು ಬಹುಪಾಲು ಇಲ್ಲೇ ತೀರ್ಮಾನವಾಗುತ್ತದೆ. ಹಾಗಾಗಿ ಇದಕ್ಕೆ ಸಮಯ ಕೊಡಿ.

ನಮ್ಮ ಊರಿನ ವಿದ್ಯಾರ್ಥಿಗಳ ಮನಸ್ಸಿಗೆ ಮೊದಲು ಬರುವುದು ಮೀನು ಕೆಡದಂತೆ ಕೆಲವರು ಹಾಕುವ ಫಾರ್ಮಾಲಿನ್, ಅಂದರೆ ನೀರಿನಲ್ಲಿ ಕರಗಿಸಿದ ಫಾರ್ಮಾಲ್ಡಿಹೈಡ್. ಮೀನುಗಾರಿಕೆ ಬಂದರಿಗೆ (ಧಕ್ಕೆಗೆ) ಹತ್ತಿರ ಇರುವವರಿಗೆ ಇದು ಸಹಜ. ಆದರೆ ಫಾರ್ಮಾಲ್ಡಿಹೈಡ್ ಅಣುವಿನಲ್ಲಿರುವುದು ಬರೀ 4 ಪರಮಾಣು. ಅಷ್ಟು ಚಿಕ್ಕ ಅಣು ಗುರುತು ಹಿಡಿಯುವಂಥ ಗುಳಿಯನ್ನು ಬಿಡುವುದಿಲ್ಲ. ಜೊತೆಗೆ ಅದು ಸಿಕ್ಕಿದ್ದರ ಜೊತೆ ಪ್ರತಿಕ್ರಿಯೆ ಮಾಡುತ್ತದೆ. ಅದನ್ನು ಮೊದಲು ಬೇರೆ ದೊಡ್ಡ ಅಣುವಿಗೆ ಕಟ್ಟಿ, ಆಮೇಲೆ ಅಚ್ಚು ಮಾಡಬೇಕಾಗುತ್ತದೆ. ಮೊದಲ ಪ್ರಯತ್ನಕ್ಕೆ ಇದು ಬೇಡ.

ಎರಡನೆಯದು ಎಂಡೋಸಲ್ಫಾನ್ ಎಂಬ ಕೀಟನಾಶಕ. ಬೆಳ್ತಂಗಡಿ, ಪುತ್ತೂರು ಕಡೆಯ ಗೇರು ತೋಟಗಳ ಕತೆ ಗೊತ್ತಿರುವವರಿಗೆ ಇದರ ಮೇಲೆ ಕೆಲಸ ಮಾಡಬೇಕು ಅನ್ನಿಸುತ್ತದೆ. ನನಗೂ ಆ ಆಸೆ ಅರ್ಥವಾಗುತ್ತದೆ. ಆದರೆ 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿದೆ, ಅದು ಕಡು ವಿಷ, ಕೈ ಪಳಗದವರು ಮುಟ್ಟಬಾರದು. ರಸಾಯನಶಾಸ್ತ್ರದ ದೃಷ್ಟಿಯಿಂದಲೂ ಅದರಲ್ಲಿ ಮೊನೊಮರ್ ಹಿಡಿದುಕೊಳ್ಳಲು ಒಳ್ಳೆಯ ಹಿಡಿಕೆಗಳು ಕಡಿಮೆ. ಅಣುವಿನ ತುಂಬ ಕ್ಲೋರಿನ್.

ಮೂರನೆಯದು ಹಿಸ್ಟಮಿನ್. ಬಂಗುಡೆ, ಬೂತಾಯಿಯಂಥ ಮೀನನ್ನು ಸರಿಯಾಗಿ ಐಸ್‌ನಲ್ಲಿ ಇಡದಿದ್ದರೆ ಬ್ಯಾಕ್ಟೀರಿಯಾಗಳು ಅದರಲ್ಲಿರುವ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವನ್ನು ಹಿಸ್ಟಮಿನ್ ಮಾಡುತ್ತವೆ. ತಿಂದವರಿಗೆ ಮೈ ಕೆಂಪಾಗಿ ತುರಿಕೆ ಬರುವುದು ಇದರಿಂದಲೇ. ಬೇಯಿಸಿದರೂ ಅದು ಹೋಗುವುದಿಲ್ಲ. ಕರಾವಳಿಗೆ ಇದು ನಿಜವಾಗಿಯೂ ಬೇಕಾದ ಪ್ರಾಜೆಕ್ಟ್. ತೊಂದರೆ ಏನೆಂದರೆ, ಹಿಸ್ಟಮಿನ್ ಪ್ರತ್ಯಾಮ್ಲ ಗುಣದ್ದು. ಆಮ್ಲ ಗುಂಪಿರುವ ಯಾವ ಪಾಲಿಮರ್ ಆದರೂ, ಅಚ್ಚು ಇರಲಿ ಇಲ್ಲದಿರಲಿ, ಅದನ್ನು ಎಳೆದುಕೊಳ್ಳುತ್ತದೆ. ಸಾಧಾರಣ ಯುವಿಯಲ್ಲಿ ನೇರವಾಗಿ ಅಳೆಯುವುದೂ ಕಷ್ಟ. ಇದನ್ನು ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳಿ.

ಮೊದಲ ಸಲಕ್ಕೆ ಕೆಫೀನ್ ಒಳ್ಳೆಯದು. ಶುದ್ಧವಾಗಿ, ಕಡಿಮೆ ಬೆಲೆಗೆ ಸಿಗುತ್ತದೆ. ಅಣು ಗಡುಸು, ಸುಲಭವಾಗಿ ಬಳುಕುವುದಿಲ್ಲ. ಅದರ ಆಕ್ಸಿಜನ್ ಮತ್ತು ನೈಟ್ರೋಜನ್‌ಗಳು ಹೈಡ್ರೋಜನ್ ಬಂಧಕ್ಕೆ ಸಿದ್ಧ. ಯುವಿಯಲ್ಲಿ 273 ನ್ಯಾನೋಮೀಟರ್ ಹತ್ತಿರ ಸ್ಪಷ್ಟವಾಗಿ ಕಾಣುತ್ತದೆ. 60 ಡಿಗ್ರಿ ಬಿಸಿಗೆ ಏನೂ ಆಗುವುದಿಲ್ಲ. ಒಂದು ಎಚ್ಚರಿಕೆ: ಶುದ್ಧ ಕೆಫೀನ್ ಪುಡಿ ಕೆಲವೇ ಗ್ರಾಂ ಹೊಟ್ಟೆಗೆ ಹೋದರೂ ಪ್ರಾಣಕ್ಕೆ ಅಪಾಯ. ತೂಗುವಾಗ ಗ್ಲೋವ್ಸ್ ಹಾಕಿಕೊಳ್ಳಿ.

ಏನೇನು ಬೇಕು

ಅಚ್ಚಿಗೆ ಕೆಫೀನ್ 194 ಮಿಲಿಗ್ರಾಂ, ಅಂದರೆ 1 ಮಿಲಿಮೋಲ್. ಹಿಡಿಯುವ ಮೊನೊಮರ್ ಮೆಥಾಕ್ರಿಲಿಕ್ ಆಮ್ಲ 0.34 ಮಿಲಿಲೀಟರ್, ಅಂದರೆ 4 ಮಿಲಿಮೋಲ್. ಕಟ್ಟಿ ನಿಲ್ಲಿಸುವ ಕ್ರಾಸ್‌ಲಿಂಕರ್ ಎಥಿಲೀನ್ ಗ್ಲೈಕಾಲ್ ಡೈಮೆಥಾಕ್ರಿಲೇಟ್ 3.8 ಮಿಲಿಲೀಟರ್, ಅಂದರೆ 20 ಮಿಲಿಮೋಲ್. ಪ್ರತಿಕ್ರಿಯೆ ಶುರು ಮಾಡುವ ಎಐಬಿಎನ್ 50 ಮಿಲಿಗ್ರಾಂ. ದ್ರಾವಕ ಅಸೆಟೋನೈಟ್ರೈಲ್ 6 ಮಿಲಿಲೀಟರ್.

ಈ 1:4:20 ಅನುಪಾತ ಈ ಕ್ಷೇತ್ರದಲ್ಲಿ ತುಂಬಾ ಬಳಕೆಯಲ್ಲಿರುವುದು. ಆಮ್ಲ ಜಾಸ್ತಿ ಹಾಕಿದರೆ ಒಳ್ಳೆಯದಲ್ವಾ ಎಂದು ಕೇಳಬಹುದು. ಕೆಫೀನ್ ಸುತ್ತ ನಿಲ್ಲದೆ ಉಳಿದ ಆಮ್ಲ ಪಾಲಿಮರ್ ತುಂಬ ಎಲ್ಲೆಂದರಲ್ಲಿ ಹರಡಿಕೊಳ್ಳುತ್ತದೆ, ಸಿಕ್ಕಸಿಕ್ಕ ಅಣುಗಳನ್ನೆಲ್ಲ ಹಿಡಿಯುತ್ತದೆ. ಕ್ರಾಸ್‌ಲಿಂಕರ್ ಇಷ್ಟು ಹೆಚ್ಚು ಬೇಕಾಗುವುದು ಗುಳಿ ಕುಸಿಯದಿರಲಿ ಎಂದು.

ದ್ರಾವಕದ ಬಗ್ಗೆ ಒಂದು ಮಾತು. ಕೆಫೀನ್ ಕ್ಲೋರೋಫಾರ್ಮ್‌ನಲ್ಲಿ ಇನ್ನೂ ಚೆನ್ನಾಗಿ ಕರಗುತ್ತದೆ. ಆದರೆ ಕ್ಲೋರೋಫಾರ್ಮ್ ಕುದಿಯುವುದು 61 ಡಿಗ್ರಿಗೆ, ನಾವು ಬಿಸಿ ಮಾಡುವುದು 60ಕ್ಕೆ. ಮುಚ್ಚಿದ ಟ್ಯೂಬ್‌ನಲ್ಲಿ ಅದು ಅಪಾಯ. ಅಸೆಟೋನೈಟ್ರೈಲ್ 82 ಡಿಗ್ರಿಗೆ ಕುದಿಯುತ್ತದೆ. ನೀರು, ಮೆಥನಾಲ್ ಮಾತ್ರ ಬೇಡವೇ ಬೇಡ. ಅವು ತಾವೇ ಹೈಡ್ರೋಜನ್ ಬಂಧ ಮಾಡಿಕೊಂಡು ಕೆಫೀನ್‌ಗೂ ಆಮ್ಲಕ್ಕೂ ನಡುವೆ ಬರುತ್ತವೆ. ಮಳೆಗಾಲದಲ್ಲಿ ನಮ್ಮ ಗಾಳಿಯೇ ಒದ್ದೆ. ಅದಕ್ಕೇ ಗಾಜಿನ ಸಾಮಾನು ಓವನ್‌ನಲ್ಲಿ ಒಣಗಿಸಿ, ಬಾಟಲಿಯ ಮುಚ್ಚಳ ತೆರೆದಿಟ್ಟು ಮಾತಾಡುತ್ತಾ ನಿಲ್ಲಬೇಡಿ.

ಅಂಗಡಿಯಿಂದ ಬರುವ ಎರಡೂ ಮೊನೊಮರ್‌ಗಳಲ್ಲಿ ಅವು ಬಾಟಲಿಯಲ್ಲೇ ಗಟ್ಟಿಯಾಗದಂತೆ ತಡೆಯುವ ವಸ್ತು ಸೇರಿಸಿರುತ್ತಾರೆ. ಕ್ರಾಸ್‌ಲಿಂಕರನ್ನು ಬೇಸಿಕ್ ಅಲ್ಯುಮಿನಾ ತುಂಬಿದ ಚಿಕ್ಕ ಕಾಲಮ್ ಮೂಲಕ ಹಾಯಿಸಿ ಅದನ್ನು ತೆಗೆಯಿರಿ. ಮೆಥಾಕ್ರಿಲಿಕ್ ಆಮ್ಲವನ್ನು ಕಡಿಮೆ ಒತ್ತಡದಲ್ಲಿ ಬಟ್ಟಿ ಇಳಿಸುವುದು ಸರಿಯಾದ ದಾರಿ. ಇದನ್ನು ಮೇಷ್ಟ್ರಿಗೇ ಬಿಡಿ. ಎಐಬಿಎನ್ ಫ್ರಿಜ್‌ನಲ್ಲೇ ಇರಬೇಕು. ಮಾರ್ಚ್ ಬಿಸಿಲಿನಲ್ಲಿ ಮೇಜಿನ ಮೇಲೆ ಬಿಟ್ಟ ಎಐಬಿಎನ್ ಅನ್ನು ನಂಬಬೇಡಿ. ಕ್ರಾಸ್‌ಲಿಂಕರ್ ಚರ್ಮಕ್ಕೆ ಅಲರ್ಜಿ ತರುತ್ತದೆ, ಮೆಥಾಕ್ರಿಲಿಕ್ ಆಮ್ಲ ಸುಡುತ್ತದೆ. ಕನ್ನಡಕ, ಗ್ಲೋವ್ಸ್, ಫ್ಯೂಮ್ ಹುಡ್ ಕಡ್ಡಾಯ.

ಎರಡು ಟ್ಯೂಬ್, ಒಂದೇ ದಿನ

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಯಾವಾಗಲೂ ಎರಡು ಪಾಲಿಮರ್ ಮಾಡಬೇಕು. ಒಂದರಲ್ಲಿ ಕೆಫೀನ್ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಉಳಿದದ್ದೆಲ್ಲ ಒಂದೇ. ಅದೇ ಬಾಟಲಿಯ ಮೊನೊಮರ್, ಅದೇ ವಾಟರ್ ಬಾತ್, ಅದೇ ದಿನ, ಅದೇ ತೊಳೆತ. ಅಚ್ಚಿಲ್ಲದ ಈ ಎರಡನೆಯದನ್ನು ಎನ್‌ಐಪಿ ಎನ್ನುತ್ತಾರೆ. ಪ್ಲಾಸ್ಟಿಕ್ ಪುಡಿಗೆ ಕೆಫೀನ್ ಅಂಟಿಕೊಂಡಿತು ಎಂದರೆ ಏನೂ ಸಾಬೀತಾಗುವುದಿಲ್ಲ. ಇದ್ದಿಲಿಗೂ ಅಂಟಿಕೊಳ್ಳುತ್ತದೆ. ಅಚ್ಚಿರುವುದು ಅಚ್ಚಿಲ್ಲದ್ದಕ್ಕಿಂತ ಎಷ್ಟು ಜಾಸ್ತಿ ಹಿಡಿಯಿತು ಎನ್ನುವುದೇ ನಿಮ್ಮ ಫಲಿತಾಂಶ. ಎನ್‌ಐಪಿಯನ್ನು ಮುಂದಿನ ವಾರ ಮಾಡಿದರಾಯಿತು ಎಂದು ಬಿಟ್ಟ ಪ್ರಾಜೆಕ್ಟ್‌ಗಳಲ್ಲಿ ಹೋಲಿಕೆಗೆ ಬೆಲೆಯೇ ಇರುವುದಿಲ್ಲ.

ಈಗ ಕೆಲಸ. ದಪ್ಪ ಗೋಡೆಯ, ಸ್ಕ್ರೂ ಮುಚ್ಚಳದ 25 ಮಿಲಿಲೀಟರ್ ಬೋರೋಸಿಲಿಕೇಟ್ ಟ್ಯೂಬ್ ತೆಗೆದುಕೊಳ್ಳಿ. ಕೆಫೀನ್, ಅಸೆಟೋನೈಟ್ರೈಲ್, ಮೆಥಾಕ್ರಿಲಿಕ್ ಆಮ್ಲ ಹಾಕಿ ಕರಗಿಸಿ. ಕಾಳು ಉಳಿದರೆ ಸ್ವಲ್ಪ ಬೆಚ್ಚಗೆ ಮಾಡಿ. ಆದರೂ ಕರಗದಿದ್ದರೆ ದ್ರಾವಕ ಸ್ವಲ್ಪ ಹೆಚ್ಚಿಸಿ, ಎನ್‌ಐಪಿಗೂ ಅಷ್ಟೇ ಹೆಚ್ಚಿಸಿ. ಕರಗದ ಕೆಫೀನ್ ಅಚ್ಚಾಗುವುದಿಲ್ಲ, ಸುಮ್ನೆ ಒಳಗೆ ಸಿಕ್ಕಿಕೊಂಡು ಕೂರುತ್ತದೆ. ಅರ್ಧ ಗಂಟೆ ಹಾಗೇ ಬಿಡಿ. ಆಮ್ಲ ಕೆಫೀನ್ ಸುತ್ತ ಬಂದು ನಿಲ್ಲಲು ಅಷ್ಟು ಸಮಯ ಧಾರಾಳ. ಆಮೇಲೆ ಕ್ರಾಸ್‌ಲಿಂಕರ್, ಕೊನೆಗೆ ಎಐಬಿಎನ್.

ಆಕ್ಸಿಜನ್ ಇದ್ದರೆ ಪ್ರತಿಕ್ರಿಯೆ ಸರಿಯಾಗಿ ನಡೆಯುವುದಿಲ್ಲ. ಟ್ಯೂಬನ್ನು ಐಸ್‌ನಲ್ಲಿಟ್ಟು 10 ನಿಮಿಷ ನೈಟ್ರೋಜನ್ ಗುಳ್ಳೆ ಬಿಡಿ. ಐಸ್ ಯಾಕೆಂದರೆ ದ್ರಾವಕ ಆವಿಯಾಗಿ ಹೋಗದಿರಲಿ ಎಂದು. ತಕ್ಷಣ ಮುಚ್ಚಳ ಬಿಗಿ ಮಾಡಿ. ಟ್ಯೂಬ್‌ನಲ್ಲಿ ಅರ್ಧದಷ್ಟು ಜಾಗ ಖಾಲಿ ಇರಲೇಬೇಕು. ಎಐಬಿಎನ್ ಒಡೆಯುವಾಗ ನೈಟ್ರೋಜನ್ ಅನಿಲ ಬಿಡುತ್ತದೆ, ಅದಕ್ಕೆ ಹೋಗಲು ಜಾಗ ಬೇಕು. ಎರಡೂ ಟ್ಯೂಬನ್ನು 60 ಡಿಗ್ರಿ ವಾಟರ್ ಬಾತ್‌ನಲ್ಲಿ, ಫ್ಯೂಮ್ ಹುಡ್ ಒಳಗೆ, ಗಾಜಿನ ಬಾಗಿಲು ಇಳಿಸಿ 24 ಗಂಟೆ ಇಡಿ. ತಿಳಿಯಾಗಿದ್ದ ಮಿಶ್ರಣ ಮೊದಲು ಮಬ್ಬಾಗಿ, ಆಮೇಲೆ ಬಿಳಿ ಕಲ್ಲಿನಂತೆ ಗಟ್ಟಿಯಾಗುತ್ತದೆ.

ಗುಡುಗು ಮಳೆಯ ಸಂಜೆ ಕರೆಂಟ್ ಹೋಗುವುದು ನಮ್ಮಲ್ಲಿ ಇದ್ದದ್ದೇ. ಬಿಳಿ ಗಟ್ಟಿಯಾದ ಮೇಲೆ ಹೋದರೆ ಚಿಂತೆಯಿಲ್ಲ, ಕರೆಂಟ್ ಬಂದಾಗ ಉಳಿದ ಗಂಟೆ ಮುಂದುವರಿಸಿ. ಅದಕ್ಕೆ ಮೊದಲೇ ಹೋದರೆ ಎರಡನ್ನೂ ಬಿಟ್ಟು ಹೊಸದಾಗಿ ಮಾಡಿ. ಯುಪಿಎಸ್‌ಗೆ ಸೇರಿಸಲು ಸಾಧ್ಯವಿದ್ದರೆ ಅದೇ ಒಳ್ಳೆಯದು.

ಒಡೆದು, ಅರೆದು, ಜರಡಿ ಹಿಡಿದು

ಟ್ಯೂಬನ್ನು ಪೂರ್ತಿ ತಣಿಸಿ. ಮುಚ್ಚಳವನ್ನು ಹುಡ್ ಒಳಗೇ ನಿಧಾನ ಬಿಚ್ಚಿ. ಪಾಲಿಮರ್ ಹೊರಬರದಿದ್ದರೆ ಟ್ಯೂಬನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಒಡೆಯಬೇಕಾಗುತ್ತದೆ. ಗಾಜಿನ ಚೂರು ಒಂದೂ ಉಳಿಯದಂತೆ ಆರಿಸಿ. ಪಿಂಗಾಣಿ ಒರಳಿನಲ್ಲಿ ಸ್ವಲ್ಪ ಸ್ವಲ್ಪವೇ ಅರೆಯಿರಿ. ಒಣಗಿದ್ದರೆ ಧೂಳು ಏಳುತ್ತದೆ, ಮಾಸ್ಕ್ ಹಾಕಿಕೊಳ್ಳಿ.

ಮೊದಲು 75 ಮೈಕ್ರಾನ್ ಜರಡಿ, ಆಮೇಲೆ 38 ಮೈಕ್ರಾನ್ ಜರಡಿ. ಎರಡರ ನಡುವೆ ನಿಂತದ್ದು ನಮಗೆ ಬೇಕಾದದ್ದು. ಅದಕ್ಕೂ ಅಂಟಿಕೊಂಡ ಸಣ್ಣ ಧೂಳನ್ನು ಅಸಿಟೋನ್‌ನಲ್ಲಿ ಕಲಕಿ, ಕೆಲವು ನಿಮಿಷ ತಂಗಲು ಬಿಟ್ಟು, ಮೇಲಿನ ಮಬ್ಬು ದ್ರವ ಬಸಿದು ತೆಗೆಯಿರಿ. ಮೂರ್ನಾಲ್ಕು ಸಲ ಹೀಗೆ ಮಾಡಿದರೆ ಸಾಕು. ಇಷ್ಟೊತ್ತಿಗೆ ಪಾಲಿಮರ್‌ನ ಅರ್ಧದಷ್ಟು ನಷ್ಟವಾಗಿರುತ್ತದೆ. ಈ ವಿಧಾನದ ದೊಡ್ಡ ದೋಷ ಇದೇ, ಬೇಸರ ಬೇಡ.

ಅಸಿಟೋನ್ ಬಗ್ಗೆ ಹುಷಾರು. ಅದು ಕೆಫೀನ್ ಕಾಣುವ ಜಾಗದಲ್ಲೇ ಯುವಿ ಹೀರುತ್ತದೆ. ಪುಡಿಯಲ್ಲಿ ಅದರ ಒಂದು ಹನಿ ಉಳಿದರೂ ಮುಂದೆ ಬರುವ ಅಂಕಿಗಳೆಲ್ಲ ಹಾಳು. ತೊಳೆತವೆಲ್ಲ ಮುಗಿದ ಮೇಲೆ ನಿರ್ವಾತ ಓವನ್‌ನಲ್ಲಿ 50-60 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿ.

ಕೆಫೀನ್ ಹೊರತೆಗೆಯುವುದು

ಮೆಥನಾಲ್ ಮತ್ತು ಅಸಿಟಿಕ್ ಆಮ್ಲ 9:1, ಸಾಕ್ಸ್‌ಲೆಟ್‌ನಲ್ಲಿ (ಕುದಿದು ತಣಿದ ದ್ರಾವಕದಿಂದ ಪುಡಿಯನ್ನು ಮತ್ತೆ ಮತ್ತೆ ತೊಳೆಯುವ ಗಾಜಿನ ಸಲಕರಣೆಯಲ್ಲಿ) 24 ಗಂಟೆ. ಹೆಚ್ಚಿನ ವಿಧಾನಗಳಲ್ಲಿ ಹೀಗೆ ಬರೆದಿರುತ್ತದೆ. ಇಲ್ಲಿ ಸ್ವಲ್ಪ ಯೋಚಿಸಿ. ಮೆಥನಾಲ್ ಕುದಿಯುವುದು 65 ಡಿಗ್ರಿಗೆ, ಅಸಿಟಿಕ್ ಆಮ್ಲ 118ಕ್ಕೆ. ಸಾಕ್ಸ್‌ಲೆಟ್‌ನಲ್ಲಿ ಮೇಲೆ ಹೋಗಿ ಪುಡಿಯ ಮೇಲೆ ಬೀಳುವುದು ಹೆಚ್ಚಾಗಿ ಮೆಥನಾಲ್ ಮಾತ್ರ. ಆಮ್ಲ ಕೆಳಗಿನ ಫ್ಲಾಸ್ಕ್‌ನಲ್ಲೇ ಉಳಿಯುತ್ತದೆ. ಹಾಗಾಗಿ ಮೊದಲು ಪುಡಿಯನ್ನು ಆ 9:1 ಮಿಶ್ರಣದಲ್ಲಿ ನೆನೆಸಿ, ಶೇಕರ್‌ನಲ್ಲಿ ಕೆಲವು ಗಂಟೆ ಅಲ್ಲಾಡಿಸಿ, ಸೋಸಿ, ಹೊಸ ಮಿಶ್ರಣ ಹಾಕಿ. ಹೀಗೆ ನಾಲ್ಕೈದು ಸಲ ಮಾಡಿ. ಆಮೇಲೆ ಬರೀ ಮೆಥನಾಲ್ ಹಾಕಿ ಸಾಕ್ಸ್‌ಲೆಟ್ ನಡೆಸಿ.

ಪ್ರತಿ ಸಲದ ತೊಳೆದ ದ್ರವವನ್ನು 273 ನ್ಯಾನೋಮೀಟರ್‌ನಲ್ಲಿ ನೋಡಿ, ಅದೇ ದ್ರಾವಕವನ್ನು ಬ್ಲಾಂಕ್, ಅಂದರೆ ಹೋಲಿಕೆಯ ಸೊನ್ನೆ ಗುರುತಾಗಿ ಇಟ್ಟು. ಕೆಫೀನ್‌ನ ಉಬ್ಬು ಪೂರ್ತಿ ಮಾಯವಾಗುವವರೆಗೆ ನಿಲ್ಲಿಸಬೇಡಿ. ಗುಳಿಯಲ್ಲಿ ಅಸಿಟಿಕ್ ಆಮ್ಲ ಉಳಿದರೆ ಅದೇ ಕೆಫೀನ್‌ನ ಜಾಗ ಹಿಡಿದಿರುತ್ತದೆ, ಹಾಗಾಗಿ ಕೊನೆಯ ಮೆಥನಾಲ್ ತೊಳೆತ ಬಿಡುವ ಹಾಗಿಲ್ಲ. ಎನ್‌ಐಪಿಯಲ್ಲಿ ಕೆಫೀನ್ ಇಲ್ಲ ನಿಜ, ಆದರೂ ಅದನ್ನೂ ಅಷ್ಟೇ ಸಲ, ಅದೇ ರೀತಿ ತೊಳೆಯಿರಿ.

ಎಷ್ಟು ತೊಳೆದರೂ ಒಳಗೆ ಆಳದಲ್ಲಿ ಸಿಕ್ಕಿಕೊಂಡ ಸ್ವಲ್ಪ ಕೆಫೀನ್ ಆಮೇಲೆ ಮೆಲ್ಲಗೆ ಸೋರುತ್ತಿರುತ್ತದೆ. ತುಂಬಾ ಕಡಿಮೆ ಪ್ರಮಾಣ ಅಳೆಯುವ ಕೆಲಸಕ್ಕೆ ಇದು ದೊಡ್ಡ ತಲೆನೋವು. ಅಂಥಲ್ಲಿ ಬೇಕಾದ ಅಣುವನ್ನು ಬಿಟ್ಟು, ಅದರಂತೆಯೇ ಇರುವ ಇನ್ನೊಂದು ಅಣುವಿನಿಂದ ಅಚ್ಚು ಮಾಡುತ್ತಾರೆ.

ಹಿಡಿಯುತ್ತದೆಯೇ?

ಮೊದಲ ಪರೀಕ್ಷೆ ಅಸೆಟೋನೈಟ್ರೈಲ್‌ನಲ್ಲೇ ಆಗಲಿ. ಪಾಲಿಮರ್ ಯಾವ ದ್ರಾವಕದಲ್ಲಿ ಹುಟ್ಟಿತೋ ಅದರಲ್ಲೇ ಸಾಮಾನ್ಯವಾಗಿ ಚೆನ್ನಾಗಿ ಕೆಲಸ ಮಾಡುತ್ತದೆ. ನೀರಿನಲ್ಲಿ ಹೈಡ್ರೋಜನ್ ಬಂಧ ಸಡಿಲವಾಗುತ್ತದೆ, ಎಂಐಪಿಗೂ ಎನ್‌ಐಪಿಗೂ ವ್ಯತ್ಯಾಸ ಕಡಿಮೆಯಾಗುತ್ತದೆ.

ಚಿಕ್ಕ ಬಾಟಲಿಗಳಲ್ಲಿ 20 ಮಿಲಿಗ್ರಾಂ ಪುಡಿ, ಅದಕ್ಕೆ ಲೀಟರಿಗೆ 0.1 ಮಿಲಿಮೋಲ್ ಕೆಫೀನ್ ಇರುವ ದ್ರಾವಣ 5 ಮಿಲಿಲೀಟರ್. ಈ ದ್ರಾವಣದ ಯುವಿ ಅಂಕಿ ಸುಮಾರು 1 ಬರುತ್ತದೆ, ಅಳೆಯಲು ಹೇಳಿ ಮಾಡಿಸಿದ ಜಾಗ. ಶೇಕರ್‌ನಲ್ಲಿ 2 ಗಂಟೆ ಇಡಿ. ನಡುವೆ 10, 30, 60 ನಿಮಿಷಕ್ಕೆ ಬೇರೆ ಬೇರೆ ಬಾಟಲಿಗಳನ್ನು ತೆಗೆದು ನೋಡಿದರೆ ಎಷ್ಟು ಹೊತ್ತಿಗೆ ಹಿಡಿತ ನಿಲ್ಲುತ್ತದೆ ಎಂದು ಗೊತ್ತಾಗುತ್ತದೆ. ಸಿರಿಂಜ್ ಫಿಲ್ಟರ್‌ನಲ್ಲಿ ಸೋಸಿ, ಉಳಿದ ಕೆಫೀನ್ ಅಳೆಯಿರಿ. ಪ್ರತಿಯೊಂದನ್ನೂ ಮೂರು ಬಾಟಲಿಗಳಲ್ಲಿ ಮಾಡಿ.

ಇವುಗಳ ಜೊತೆ ಇನ್ನೆರಡು ಬಾಟಲಿ ಬೇಕೇ ಬೇಕು. ಒಂದರಲ್ಲಿ ಕೆಫೀನ್ ದ್ರಾವಣ ಮಾತ್ರ, ಪುಡಿ ಇಲ್ಲ: ಫಿಲ್ಟರ್ ತಾನೇ ಕೆಫೀನ್ ನುಂಗುತ್ತಿದೆಯಾ ಎಂದು ನೋಡಲು. ಇನ್ನೊಂದರಲ್ಲಿ ಪುಡಿ ಮತ್ತು ಶುದ್ಧ ಅಸೆಟೋನೈಟ್ರೈಲ್: ಹಳೆಯ ಕೆಫೀನ್ ಅಥವಾ ಅಸಿಟೋನ್ ಸೋರುತ್ತಿದೆಯಾ ಎಂದು ನೋಡಲು.

ಲೆಕ್ಕ ಸುಲಭ. ಮೊದಲಿದ್ದ ಪ್ರಮಾಣದಿಂದ ಉಳಿದದ್ದನ್ನು ಕಳೆದು, ದ್ರಾವಣದ ಪರಿಮಾಣದಿಂದ ಗುಣಿಸಿ, ಪುಡಿಯ ತೂಕದಿಂದ ಭಾಗಿಸಿ. ಉದಾಹರಣೆಗೆ ಎಂಐಪಿ ಬಾಟಲಿಯಲ್ಲಿ 0.1 ಇದ್ದದ್ದು 0.06ಕ್ಕೆ ಇಳಿಯಿತು ಎಂದುಕೊಳ್ಳಿ. ಹಿಡಿದದ್ದು 0.2 ಮೈಕ್ರೋಮೋಲ್, ಅಂದರೆ ಗ್ರಾಂಗೆ 10 ಮೈಕ್ರೋಮೋಲ್. ಎನ್‌ಐಪಿಯಲ್ಲಿ 0.08ಕ್ಕೆ ಇಳಿದಿದ್ದರೆ ಗ್ರಾಂಗೆ 5. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 2. ಇದನ್ನೇ ಅಚ್ಚಿನ ಗುಣಾಂಕ ಅನ್ನಬಹುದು. 1ರ ಹತ್ತಿರ ಬಂದರೆ ಅಚ್ಚು ಮೂಡಿಲ್ಲ. ಆಗ ನೋಡಬೇಕಾದದ್ದು ಮೂರು: ಒದ್ದೆ ದ್ರಾವಕ, ಅರ್ಧ ತೊಳೆತ, ಜಾಸ್ತಿಯಾದ ಆಮ್ಲ. ಬಂದ ಅಂಕಿಯನ್ನು ಬಂದ ಹಾಗೇ ಬರೆಯಿರಿ. ಚಿಕ್ಕ ಗುಣಾಂಕ ನಾಚಿಕೆಯ ವಿಷಯವಲ್ಲ, ಎನ್‌ಐಪಿ ಇಲ್ಲದ ದೊಡ್ಡ ಅಂಕಿ ನಾಚಿಕೆಯ ವಿಷಯ.

ಮುಂದಿನದು ಆಯ್ಕೆಯ ಪರೀಕ್ಷೆ. ಇದಕ್ಕೆ ಥಿಯೋಫಿಲಿನ್ ಎಂಬ ಔಷಧದ ಅಣು ತೆಗೆದುಕೊಳ್ಳಿ. ಕೆಫೀನ್‌ನಲ್ಲಿ ಮೂರು ಮೀಥೈಲ್ ಗುಂಪಿದ್ದರೆ ಇದರಲ್ಲಿ ಎರಡು, ಅಷ್ಟೇ ವ್ಯತ್ಯಾಸ. 1993ರಲ್ಲಿ ಮೋಸ್‌ಬಾಕ್ ತಂಡ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಥಿಯೋಫಿಲಿನ್ ಅಚ್ಚಿನ ಪಾಲಿಮರ್ ಕೆಫೀನ್ ಅನ್ನು ಬಹುಮಟ್ಟಿಗೆ ದೂರವೇ ಇಟ್ಟಿತ್ತು. ಪ್ರತಿಕಾಯಗಳಂತೆ ಪ್ಲಾಸ್ಟಿಕ್ ಕೂಡ ಔಷಧದ ಅಣುವನ್ನು ಗುರುತಿಸಬಲ್ಲದು ಎಂದು ಜಗತ್ತು ನಂಬತೊಡಗಿದ್ದು ಆಗ. ನಿಮ್ಮದು ಅದರ ತಿರುಗುಮುರುಗು. ಕೆಫೀನ್ ಗುಳಿಗೆ ಅದಕ್ಕಿಂತ ಚಿಕ್ಕದಾದ ಥಿಯೋಫಿಲಿನ್ ಹೊಕ್ಕಬಹುದು. ಹಾಗಾಗಿ ಅದೂ ಸ್ವಲ್ಪ ಹಿಡಿದರೆ ಆಶ್ಚರ್ಯಪಡಬೇಡಿ. ಎರಡರ ಯುವಿ ಉಬ್ಬೂ ಒಂದರ ಮೇಲೊಂದು ಬೀಳುತ್ತದೆ. ಬೆರೆತ ಅಣುಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಉಪಕರಣ ಇಲ್ಲದಿದ್ದರೆ ಎರಡನ್ನೂ ಬೆರೆಸದೆ ಬೇರೆ ಬೇರೆ ಬಾಟಲಿಗಳಲ್ಲಿ ಪರೀಕ್ಷಿಸಿ.

ನಿಜವಾದ ಕಾಫಿಗೆ

ಫಿಲ್ಟರ್ ಕಾಫಿ ಡಿಕಾಕ್ಷನ್ನಿಗೆ ನೇರವಾಗಿ ಪುಡಿ ಹಾಕಿದರೆ ಕೆಲಸ ಆಗುವುದಿಲ್ಲ. ಅದು ನೀರು, ಜೊತೆಗೆ ಅದರಲ್ಲಿ ಯುವಿ ಹೀರುವ ಬೇರೆ ಎಷ್ಟೋ ವಸ್ತುಗಳಿವೆ. ಡಿಕಾಕ್ಷನ್ನಿಗೆ ಸೋಡಿಯಂ ಕಾರ್ಬೊನೇಟ್ ಹಾಕಿ ಕುದಿಸಿ, ಪೂರ್ತಿ ತಣಿಸಿ, ಡೈಕ್ಲೋರೋಮೀಥೇನ್‌ನಲ್ಲಿ ಕೆಫೀನ್ ಎಳೆದುಕೊಳ್ಳಿ. ಜೋರಾಗಿ ಕುಲುಕಿದರೆ ನೊರೆಗಟ್ಟುತ್ತದೆ, ಮೆಲ್ಲಗೆ ತಿರುಗಿಸಿ. ದ್ರಾವಕ ಆವಿ ಮಾಡಿ, ಉಳಿದದ್ದನ್ನು ಅಸೆಟೋನೈಟ್ರೈಲ್‌ನಲ್ಲಿ ಕರಗಿಸಿ.

ಖಾಲಿ ಸಿರಿಂಜ್‌ನಲ್ಲಿ ಎರಡು ಫ್ರಿಟ್‌ಗಳ (ದ್ರವ ಬಿಟ್ಟು ಪುಡಿ ತಡೆಯುವ ಸಣ್ಣ ಬಿಲ್ಲೆಗಳ) ನಡುವೆ 200 ಮಿಲಿಗ್ರಾಂ ಪುಡಿ ತುಂಬಿ. ದ್ರಾವಣ ಹನಿ ಹನಿಯಾಗಿ ಹಾಯಿಸಿ. ಸ್ವಲ್ಪ ಅಸೆಟೋನೈಟ್ರೈಲ್‌ನಿಂದ ತೊಳೆದು, ಕೊನೆಗೆ ಮೆಥನಾಲ್-ಅಸಿಟಿಕ್ ಆಮ್ಲದಿಂದ ಕೆಫೀನ್ ಇಳಿಸಿಕೊಳ್ಳಿ. ಎನ್‌ಐಪಿ ತುಂಬಿದ ಇನ್ನೊಂದು ಸಿರಿಂಜ್ ಪಕ್ಕದಲ್ಲೇ ಇರಲಿ. ಪೇಟೆಯಲ್ಲಿ ಸಿಗುವ ಚಿಕೋರಿ ಬೆರೆತ ಕಾಫಿ ಪುಡಿಗಳಲ್ಲಿ ಕಾಫಿ ಕನಿಷ್ಠ 51 ಶೇಕಡಾ ಇರಬೇಕು ಎಂಬ ನಿಯಮವಿದೆ. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಪ್ಯಾಕೆಟ್ ಮೇಲೆ ಬೇರೆ ಬೇರೆ ಚಿಕೋರಿ ಪ್ರಮಾಣ ಬರೆದಿರುವ ಎರಡು ಪುಡಿ, ಜೊತೆಗೆ ಚಿಕೋರಿಯೇ ಇಲ್ಲದ ಚಿಕ್ಕಮಗಳೂರಿನ ಒಂದು ಪುಡಿ ತಂದು ಹೋಲಿಸಿ ನೋಡಿ. ಕಾಫಿ ಜಾತಿಯೂ ಕೆಫೀನ್ ಬದಲಿಸುತ್ತದೆ. ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಜಾಸ್ತಿ ಇರುತ್ತದೆ. ಹಾಗಾಗಿ ಬರೀ ಕೆಫೀನ್ ನೋಡಿ ಯಾವ ಪುಡಿಯ ಮೇಲೂ ಕಲಬೆರಕೆ ಆರೋಪ ಹೊರಿಸಬೇಡಿ.

ಇಟ್ಟುಕೊಳ್ಳುವುದು, ವಿಲೇವಾರಿ

ತೊಳೆದು ಒಣಗಿಸಿದರೆ ಅದೇ ಪುಡಿಯನ್ನು ಮತ್ತೆ ಬಳಸಬಹುದು. ಒಂದೊಂದು ಸಲವೂ ಎಷ್ಟು ಹಿಡಿಯಿತು ಎಂದು ಬರೆದಿಟ್ಟರೆ ಅದೇ ಪ್ರಾಜೆಕ್ಟ್‌ನ ಇನ್ನೊಂದು ಅಧ್ಯಾಯವಾಗುತ್ತದೆ. ಸಿಲಿಕಾ ಜೆಲ್ ಹಾಕಿದ ಡೆಸಿಕೇಟರ್‌ನಲ್ಲಿಡಿ. ಎರಡೂ ಪುಡಿ ನೋಡಲು ಒಂದೇ ತರಹ ಬೆಳ್ಳಗಿರುತ್ತವೆ. ಬಾಟಲಿಯ ಮುಚ್ಚಳದ ಮೇಲಲ್ಲ, ಬಾಟಲಿಯ ಮೇಲೆಯೇ ಹೆಸರು ಬರೆಯಿರಿ. ಮುಚ್ಚಳ ಅದಲುಬದಲಾದರೆ ಮತ್ತೆ ಗುರುತು ಹಿಡಿಯುವುದು ಕಷ್ಟ.

ಅಸೆಟೋನೈಟ್ರೈಲ್, ಮೆಥನಾಲ್ ಒಂದು ಕ್ಯಾನ್‌ಗೆ, ಡೈಕ್ಲೋರೋಮೀಥೇನ್ ಇನ್ನೊಂದು ಕ್ಯಾನ್‌ಗೆ. ಸಿಂಕ್‌ಗೆ ಯಾವುದೂ ಬೇಡ. ಅರೆಯುವಾಗ ಬಂದ ಸಣ್ಣ ಧೂಳು ಕೂಡ ಕರಗದ ಪ್ಲಾಸ್ಟಿಕ್ಕೇ. ಅಸಿಟೋನ್‌ನಲ್ಲಿ ಬಸಿದ ಮಬ್ಬು ದ್ರವವನ್ನು ಫಿಲ್ಟರ್ ಪೇಪರ್‌ನಲ್ಲಿ ಸೋಸಿ, ಪೇಪರನ್ನು ಘನ ತ್ಯಾಜ್ಯಕ್ಕೆ ಹಾಕಿ. ಒರಳು, ಜರಡಿ ತೊಳೆಯುವ ಮೊದಲು ಒದ್ದೆ ಟಿಶ್ಯೂನಿಂದ ಒರೆಸಿಕೊಳ್ಳಿ. ನಮ್ಮ ಚರಂಡಿಗಳು ನೇತ್ರಾವತಿ, ಫಲ್ಗುಣಿ ಸೇರಿ ಹೋಗುವುದು ಸಮುದ್ರಕ್ಕೆ. ಅಲ್ಲಿನ ಮೀನಿನ ಹೊಟ್ಟೆಗೆ ನಮ್ಮ ಎಂಐಪಿ ಹೋಗಬಾರದು.